ಕರಾರು ಪತ್ರದ ಷರತ್ತನ್ನು ಬರೆಯುವ ಬಗೆ: ಮಾಡುವವರು ಯಾರೆಂದು ಮೊದಲು ಬರೆಯಿರಿ

“ದುರಸ್ತಿ ಇದ್ದಲ್ಲಿ ಕಾಲಕಾಲಕ್ಕೆ ಮಾಡಿಸತಕ್ಕದ್ದು.”

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಸಮೀಪದ ಒಂದು ಗೋದಾಮಿನ ಬಾಡಿಗೆ ಕರಾರಿನಲ್ಲಿ ಈ ವಾಕ್ಯವನ್ನು ಬರೆದವನು ನಾನೇ. ಬರೆಯುವಾಗ ಮಾಲಕರೂ ಬಾಡಿಗೆದಾರರೂ ನನ್ನ ಎದುರಿಗೇ ಕುಳಿತಿದ್ದರು. ದುರಸ್ತಿ ಯಾರ ಪಾಲಿಗೆ ಎಂದು ಕೇಳಿದ್ದಕ್ಕೆ “ಅದೇನ್ ದೊಡ್ಡ ಮಾತ್ರೀ, ನಾವ್ ನಾವೇ ನೋಡ್ಕೋತೀವಿ” ಎಂದು ಇಬ್ಬರೂ ನಕ್ಕರು, ನಾನೂ ಮುಂದಿನ ಷರತ್ತಿಗೆ ಹೋದೆ. ಮುಂದಿನ ಮಳೆಗಾಲದಲ್ಲಿ ತಗಡಿನ ಚಾವಣಿ ಸೋರಿ ಹತ್ತಿಕಾಳಿನ ಚೀಲಗಳು ತೊಯ್ದು ಮೊಳಕೆ ಬಂದಾಗ, ಮಾಲಕರು “ಜಾಗದಲ್ಲಿ ಇರುವವರು ಮಾಡಿಸಬೇಕಿತ್ತು” ಎಂದರು, ಬಾಡಿಗೆದಾರರು “ಕಟ್ಟಡ ಯಾರದೋ ಅವರು ಮಾಡಿಸಬೇಕಿತ್ತು” ಎಂದರು, ಮತ್ತು ಇಬ್ಬರೂ ಬೆರಳಿಟ್ಟು ತೋರಿಸಿದ್ದು ಇದೇ ವಾಕ್ಯವನ್ನು. ಓದಿ ನೋಡಿದರೆ ಇಬ್ಬರದೂ ಸರಿಯಾಗಿಯೇ ಇತ್ತು, ಏಕೆಂದರೆ ವಾಕ್ಯದಲ್ಲಿ ಮಾಡಿಸುವವರೇ ಇರಲಿಲ್ಲ.

ಕರ್ತೃವನ್ನು ಬಿಟ್ಟು ಮಾತಾಡುವುದು ಕನ್ನಡಕ್ಕೆ ಸಹಜ. “ಊಟ ಆಯ್ತು, ಇನ್ನು ಹೋಗಬೇಕು” ಎಂದರೆ ಯಾರು ಹೋಗಬೇಕೆಂಬುದು ಕೇಳುವವರಿಗೆ ಸಂದರ್ಭದಿಂದಲೇ ತಿಳಿಯುತ್ತದೆ. ಕರಾರು ಪತ್ರವನ್ನು ಮಾತ್ರ ಆ ಸಂದರ್ಭದಲ್ಲಿ ಇರದ ಮೂರನೆಯವರು, ಎಷ್ಟೋ ವರ್ಷಗಳ ನಂತರ, ವಕೀಲರ ಮೇಜಿನ ಮೇಲೋ ನ್ಯಾಯಾಧೀಶರ ಎದುರಿಗೋ ಓದುತ್ತಾರೆ. ಆದ್ದರಿಂದ ಷರತ್ತು ಬರೆಯುವಾಗ ಮೊದಲು ಮಾಡಬೇಕಾದ ಕೆಲಸವೆಂದರೆ, ಪ್ರತಿ ವಾಕ್ಯದ ಕ್ರಿಯಾಪದವನ್ನು ಹಿಡಿದು ‘ಇದನ್ನು ಯಾರು’ ಎಂದು ಕೇಳುವುದು, ಮತ್ತು ಉತ್ತರವನ್ನು ವಾಕ್ಯದ ಮೊದಲಲ್ಲೇ ಕೂಡಿಸುವುದು. “ಕೊಡಲಾಗುವುದು”, “ಪಾವತಿಸಲ್ಪಡುವುದು”, “ಕ್ರಮ ಕೈಗೊಳ್ಳಲಾಗುವುದು” ಎಂಬ ಸರಕಾರಿ ಸುತ್ತೋಲೆಯ ರೂಪಗಳು ಗಂಭೀರವಾಗಿ ಕೇಳಿಸುತ್ತವೆಯಾದರೂ ಕೊಡುವವರನ್ನು ಅಡಗಿಸಿಡುತ್ತವೆ. ಅವನ್ನು ಕರಾರಿನಲ್ಲಿ ಬಳಸಬಾರದು.

ಮೇಲಿನ ಷರತ್ತನ್ನು ಮರುವರ್ಷ ನವೀಕರಣದ ಹೊತ್ತಿಗೆ ತಿದ್ದಿ ಬರೆದದ್ದು ಹೀಗೆ:

“ಗೋದಾಮಿನ ಚಾವಣಿ, ಗೋಡೆ, ನೆಲ ಮತ್ತು ಗಟಾರದ ದುರಸ್ತಿಯನ್ನು ಮಾಲಕರು ತಮ್ಮ ಖರ್ಚಿನಲ್ಲಿ ಮಾಡಿಸತಕ್ಕದ್ದು. ದೀಪ, ಸ್ವಿಚ್ಚು, ನಲ್ಲಿ, ಬೀಗ ಹಾಗೂ ಶಟರಿನ ದುರಸ್ತಿಯನ್ನು ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಮಾಡಿಸತಕ್ಕದ್ದು. ಮಾಲಕರು ಮಾಡಿಸಬೇಕಾದ ದುರಸ್ತಿಯನ್ನು ಬಾಡಿಗೆದಾರರು ಬರಹದಲ್ಲಿ ತಿಳಿಸತಕ್ಕದ್ದು. ತಿಳಿವಳಿಕೆ ಮಾಲಕರಿಗೆ ತಲುಪಿದ ದಿನವನ್ನು ಬಿಟ್ಟು 10 ದಿನಗಳಲ್ಲಿ ಮಾಲಕರು ಕೆಲಸ ಮುಗಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ, ಬಿಲ್ಲುಗಳನ್ನು ಮಾಲಕರಿಗೆ ಕೊಟ್ಟು, ಅಷ್ಟು ಹಣವನ್ನು ಮುಂದಿನ ಬಾಡಿಗೆಯಲ್ಲಿ ಕಡಿತ ಮಾಡಿಕೊಳ್ಳಲು ಹಕ್ಕುಳ್ಳವರಾಗಿರುತ್ತಾರೆ.”

ಒಂದು ಸಾಲಿನ ಜಾಗದಲ್ಲಿ ಒಂಬತ್ತು ಸಾಲಾಯಿತೆಂದು ಮಾಲಕರು ಗೊಣಗಿದರು. ಆದರೆ ಇಲ್ಲಿ ಯಾರು, ಏನನ್ನು, ಯಾರ ಖರ್ಚಿನಲ್ಲಿ, ಎಷ್ಟು ದಿನದಲ್ಲಿ, ಮಾಡದಿದ್ದರೆ ಏನು ಎಂಬ ಐದು ಪ್ರಶ್ನೆಗಳಿಗೂ ಉತ್ತರವಿದೆ. ಚಿಕ್ಕ ಷರತ್ತು ಸ್ಪಷ್ಟವಾಗಿಯೂ ಇರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಚಿಕ್ಕದಾಗಿರುವುದು ವಾಕ್ಯದ ಗುಣವೇ ಹೊರತು ಷರತ್ತಿನ ಗುಣವಲ್ಲ.

ತಕ್ಕದ್ದು, ಬಹುದು, ಕೂಡದು

ಕ್ರಿಯಾಪದದ ಕೊನೆಯ ರೂಪದಲ್ಲಿ ಕರಾರಿನ ಬಲವೆಲ್ಲ ನಿಂತಿದೆ. ಕಡ್ಡಾಯವಾದದ್ದಕ್ಕೆ ‘ತಕ್ಕದ್ದು’, ನಿಷೇಧಕ್ಕೆ ‘ಕೂಡದು’, ಹಕ್ಕಿಗೆ ‘ಹಕ್ಕುಳ್ಳವರಾಗಿರುತ್ತಾರೆ’ ಎಂದು ಒಮ್ಮೆ ನಿರ್ಧರಿಸಿಕೊಂಡು ಪತ್ರದ ಕೊನೆಯವರೆಗೂ ಅದನ್ನೇ ಪಾಲಿಸಬೇಕು. ‘ಬಹುದು’ ಎಂಬುದರಲ್ಲಿ ಅನುಮತಿಯ ಅರ್ಥವೂ ಸಂಭವದ ಅರ್ಥವೂ ಇರುವುದರಿಂದ ಅದರ ಬಳಿ ಸುಳಿಯುವ ಮುನ್ನ ಯೋಚಿಸಬೇಕು. “ಬಾಡಿಗೆಯನ್ನು ಹೆಚ್ಚಿಸಬಹುದು” ಎಂಬಲ್ಲಿ ಮಾಲಕರಿಗೆ ಹಕ್ಕು ಸಿಕ್ಕಿತೋ, ಮುಂದೆ ಹೆಚ್ಚಾದೀತೆಂಬ ಸೂಚನೆ ಮಾತ್ರವೋ ಹೇಳಲಾಗದು.

ವ್ಯಾಜ್ಯ ಬಗೆಹರಿಸುವ ಷರತ್ತಿನಲ್ಲಿ ಇದರ ಪೆಟ್ಟು ಜೋರು. 2007ರಲ್ಲಿ ಜಗದೀಶ್ ಚಂದರ್ ಮತ್ತು ರಮೇಶ್ ಚಂದರ್ ನಡುವಿನ ಪ್ರಕರಣದಲ್ಲಿ, ‘ಪಕ್ಷಗಾರರು ಹಾಗೆ ನಿರ್ಧರಿಸಿದರೆ’ ಪಂಚರಿಗೆ (ಆರ್ಬಿಟ್ರೇಟರಿಗೆ) ಒಪ್ಪಿಸತಕ್ಕದ್ದು ಎಂಬ ಅರ್ಥದ ಷರತ್ತು ಪಂಚ ತೀರ್ಮಾನದ ಕರಾರೇ ಅಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು, ಏಕೆಂದರೆ ಮುಂದೆ ಮತ್ತೊಮ್ಮೆ ಒಪ್ಪಬೇಕಾದದ್ದು ಈಗ ಒಪ್ಪಿದಂತಾಗುವುದಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕೂ ಉಂಟು: ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸುವವರ ಕೆಲಸಕ್ಕೂ, ಸಾಕ್ಷ್ಯ ಕೇಳಿ ತೀರ್ಪು ಕೊಡುವವರ ಕೆಲಸಕ್ಕೂ ‘ಮಧ್ಯಸ್ಥಿಕೆ’ ಎಂಬ ಒಂದೇ ಪದ ಬಳಕೆಯಲ್ಲಿದೆ. ಮೊದಲನೆಯದನ್ನು ಒಪ್ಪದೆ ಎದ್ದು ಬರಬಹುದು. ಎರಡನೆಯದು ಇಬ್ಬರನ್ನೂ ಕಟ್ಟಿಹಾಕುತ್ತದೆ. ಆದ್ದರಿಂದ ಎರಡನೆಯದೇ ಬೇಕಾದರೆ “1996ರ ಆರ್ಬಿಟ್ರೇಶನ್ ಮತ್ತು ಕನ್ಸಿಲಿಯೇಶನ್ ಅಧಿನಿಯಮದ ಪ್ರಕಾರ ಒಬ್ಬ ಪಂಚರಿಗೆ ಒಪ್ಪಿಸತಕ್ಕದ್ದು, ಅವರ ತೀರ್ಪಿಗೆ ಇಬ್ಬರೂ ಬದ್ಧರಾಗಿರತಕ್ಕದ್ದು” ಎಂದು ಕಾಯ್ದೆಯ ಹೆಸರು ಹೇಳಿಯೇ ಬರೆಯಬೇಕು.

ಒಬ್ಬರೋ ಇಬ್ಬರೋ, ಯಾವುದಕ್ಕೆ ಯಾವುದೋ

ನಮ್ಮ ಗೌರವದ ಬಹುವಚನ ಕರಾರಿನಲ್ಲಿ ತೊಂದರೆ ಕೊಡುತ್ತದೆ. ‘ಬಾಡಿಗೆದಾರರು’ ಎಂದಾಗ ಒಬ್ಬರಿಗೆ ಮರ್ಯಾದೆ ಕೊಟ್ಟಿರುವುದೋ, ಅಣ್ಣ ತಮ್ಮ ಇಬ್ಬರನ್ನೂ ಹೇಳಿರುವುದೋ ಪದವನ್ನು ನೋಡಿ ತಿಳಿಯದು. ಇದು ಬರಿಯ ವ್ಯಾಕರಣದ ಮಾತಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಕಲಂ 43ರ ಪ್ರಕಾರ, ಇಬ್ಬರು ಕೂಡಿ ಒಂದು ಮಾತು ಕೊಟ್ಟಿದ್ದರೆ, ಬೇರೆ ರೀತಿ ಸ್ಪಷ್ಟವಾಗಿ ಬರೆದಿರದ ಹೊರತು, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿಯನ್ನು ವಸೂಲಿ ಮಾಡಲು ಎದುರಿನವರಿಗೆ ಹಕ್ಕಿದೆ. ಅರ್ಧ ಪಾಲಿಗೆ ಮಾತ್ರ ಹೊಣೆ ಎಂದುಕೊಂಡು ಸಹಿ ಹಾಕಿದ ತಮ್ಮ ಪೂರ್ತಿ ಹಣಕ್ಕೆ ಸಿಕ್ಕಿಕೊಳ್ಳುವುದು ಹೀಗೆ. ಮೊದಲ ಪುಟದಲ್ಲೇ “ಇವರಿಬ್ಬರನ್ನೂ ಕೂಡಿ ಮತ್ತು ಬಿಡಿಯಾಗಿ ‘ಬಾಡಿಗೆದಾರರು’ ಎಂದು ಕರೆಯಲಾಗಿದೆ” ಎಂದೋ, “ಪ್ರತಿಯೊಬ್ಬರ ಹೊಣೆ ಅರ್ಧ ಬಾಡಿಗೆಗೆ ಮಾತ್ರ ಸೀಮಿತ” ಎಂದೋ ನಿಶ್ಚಯಿಸಿ ಬರೆಯಬೇಕು.

ಒಮ್ಮೆ ಇಟ್ಟ ಹೆಸರನ್ನು ಬದಲಿಸಲೂಬಾರದು. ಶಾಲೆಯ ಪ್ರಬಂಧದಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡಿರೆಂದು ಕಲಿಸುತ್ತಾರೆ, ಕರಾರಿನಲ್ಲಿ ಬಳಸಲೇಬೇಕು. ಮೊದಲ ಷರತ್ತಿನಲ್ಲಿ ‘ಗೋದಾಮು’, ಮೂರನೆಯದರಲ್ಲಿ ‘ಮಳಿಗೆ’, ಐದನೆಯದರಲ್ಲಿ ‘ಸದರಿ ಜಾಗೆ’, ಏಳನೆಯದರಲ್ಲಿ ‘ಮಜಕೂರ ಸ್ವತ್ತು’ ಎಂದರೆ, ಎದುರಿನ ಖುಲ್ಲಾ ಜಾಗ ಇದರಲ್ಲಿ ಸೇರಿದೆಯೋ ಇಲ್ಲವೋ ಎಂಬ ಜಗಳಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಬ್ರಿಟಿಷರ ಮುಂಬೈ ಪ್ರಾಂತ್ಯದ ಕಾಲದಿಂದ ನಮ್ಮ ಧಾರವಾಡ ಸೀಮೆಯ ಪತ್ರಗಳಿಗೆ ಬಂದ ಸದರಿ, ಮಜಕೂರ, ಮೌಜೆ, ಕಬ್ಜಾ ಮುಂತಾದ ಪದಗಳ ಮೇಲೆ ನನಗೆ ಮಮತೆಯೇ ಇದೆ, ಆದರೆ ‘ಸದರಿಯವರು’ ಎಂಬುದು ಹಿಂದಿನ ಮೂವರಲ್ಲಿ ಯಾರನ್ನು ಹೇಳುತ್ತದೆಂದು ಒಮ್ಮೆ ಹುಡುಕಬೇಕಾಗಿ ಬಂದ ಮೇಲೆ ಅದನ್ನು ಬಿಟ್ಟಿದ್ದೇನೆ. ಜಾಗದ ಗುರುತಿಗಂತೂ ಸಿಟಿಎಸ್ (ನಗರ ಸರ್ವೆ) ನಂಬರು ಅಥವಾ ಸರ್ವೆ ನಂಬರು, ಚದರ ಅಡಿಯಲ್ಲಿ ಅಳತೆ ಮತ್ತು ನಾಲ್ಕೂ ದಿಕ್ಕಿನ ಚಕ್ಕುಬಂದಿ ಇರಲೇಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಹೊಲದ ಲಾವಣಿಯ ವಿಷಯ ಬೇರೆ. ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದನ್ನು 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆ ನಿರ್ಬಂಧಿಸಿರುವುದರಿಂದ ಎಷ್ಟೇ ಚೆಂದವಾಗಿ ಬರೆದರೂ ಷರತ್ತು ಕಾಪಾಡದು.

ವಿಶೇಷಣಗಳು ಎಷ್ಟು ದೂರ ಹರಿಯುತ್ತವೆ ಎಂಬುದನ್ನೂ ನೋಡಬೇಕು. “ಹಾಳಾದ ಯಂತ್ರ ಮತ್ತು ಬಿಡಿಭಾಗಗಳನ್ನು ಪೂರೈಕೆದಾರರು ಮರಳಿ ಪಡೆಯತಕ್ಕದ್ದು” ಎಂಬಲ್ಲಿ ‘ಹಾಳಾದ’ ಎಂಬುದು ಬಿಡಿಭಾಗಗಳಿಗೂ ಸೇರುತ್ತದೆಯೇ? “ಎಲ್ಲ ಖರ್ಚನ್ನೂ ಮಾಲಕರು ಕೊಡುವುದಿಲ್ಲ” ಎಂದರೆ ಯಾವ ಖರ್ಚನ್ನೂ ಕೊಡುವುದಿಲ್ಲವೇ, ಕೆಲವನ್ನಷ್ಟೇ ಕೊಡುತ್ತಾರೆಯೇ? ಇಂಥಲ್ಲಿ ವಾಕ್ಯವನ್ನು ಎರಡಾಗಿ ಒಡೆಯುವುದೇ ಲೇಸು: “ವಿದ್ಯುತ್ ಬಿಲ್ಲನ್ನು ಬಾಡಿಗೆದಾರರು ಹೆಸ್ಕಾಂಗೆ ತುಂಬತಕ್ಕದ್ದು. ಆಸ್ತಿ ತೆರಿಗೆಯನ್ನು ಮಾಲಕರು ಮಹಾನಗರ ಪಾಲಿಕೆಗೆ ತುಂಬತಕ್ಕದ್ದು.”

ದಿನ ಮತ್ತು ದುಡ್ಡು

“5ನೇ ತಾರೀಖಿನ ಒಳಗೆ” ಎಂದರೆ 5ನೇ ತಾರೀಖು ಸೇರಿತೇ? ಮಾತಿನಲ್ಲಿ ಕೆಲವರು ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. “5ನೇ ತಾರೀಖಿನಂದು ಅಥವಾ ಅದಕ್ಕಿಂತ ಮೊದಲು” ಎಂದು ಬರೆದರೆ ಪ್ರಶ್ನೆಯೇ ಹುಟ್ಟದು. “ಆದಷ್ಟು ಬೇಗ”, “ಯೋಗ್ಯ ಕಾಲದಲ್ಲಿ” ಎಂಬುವು ಅವಧಿಗಳಲ್ಲ. ಕರಾರಿನಲ್ಲಿ ಅವಧಿ ಹೇಳಿರದಿದ್ದರೆ ಕರಾರು ಅಧಿನಿಯಮದ ಕಲಂ 46 ಸಮಂಜಸ ಕಾಲದಲ್ಲಿ ನೆರವೇರಿಸಬೇಕೆನ್ನುತ್ತದೆ, ಸಮಂಜಸವೆಂದರೆ ಎಷ್ಟು ಎಂಬುದು ಆಯಾ ಪ್ರಕರಣದ ಸಂಗತಿಗಳ ಮೇಲೆ ನಿಲ್ಲುತ್ತದೆ. ಅಂದರೆ ಅದನ್ನು ಗೊತ್ತುಮಾಡಿಕೊಳ್ಳಲು ದಾವೆಯನ್ನೇ ಹೂಡಬೇಕು.

ಹಬ್ಬಗಳಿಂದ ಅವಧಿ ಎಣಿಸುವ ರೂಢಿ ಗದಗ, ಹಾವೇರಿ ಕಡೆ ಇನ್ನೂ ಇದೆ. “ಈ ಯುಗಾದಿಯಿಂದ ಬರುವ ಯುಗಾದಿವರೆಗೆ” ಎಂಬ ಷರತ್ತನ್ನು ತೂಗಿ ನೋಡಿ. 2025ರ ಯುಗಾದಿ ಮಾರ್ಚ್ 30ಕ್ಕೆ, 2026ರದು ಮಾರ್ಚ್ 19ಕ್ಕೆ. ವರ್ಷಕ್ಕೆ 11 ದಿನ ಕಡಿಮೆ. ಆದರೆ 2026ರಲ್ಲಿ ಅಧಿಕ ಮಾಸ ಬರುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಸರಿದು, ಆ ಯುಗಾದಿ ವರ್ಷ 384 ದಿನಗಳದ್ದಾಗುತ್ತದೆ. ಒಂದು ವರ್ಷಕ್ಕೆ ಮೀರಿದ ಸ್ಥಿರಾಸ್ತಿಯ ಬಾಡಿಗೆ ಪತ್ರವನ್ನು 1908ರ ನೋಂದಣಿ ಅಧಿನಿಯಮದ ಕಲಂ 17ರ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕು. ಹಾಗಾಗಿ ಒಂದು ವರ್ಷಕ್ಕೆಂದು ಬರೆದುಕೊಂಡವರು ತಮಗೆ ಗೊತ್ತಿಲ್ಲದೆ ಆ ಗೆರೆಯನ್ನು ದಾಟಿರುತ್ತಾರೆ. ಎಲ್ಲರೂ 11 ತಿಂಗಳಿಗೆ ಬರೆಸುವುದರ ಹಿಂದಿರುವುದೂ ಇದೇ ಕಲಮು. ಅವಧಿಯ ಎರಡೂ ತುದಿಗಳನ್ನು ಇಂಗ್ಲಿಷ್ ತಾರೀಖಿನಲ್ಲಿ ಬರೆದು, ಎರಡೂ ದಿನ ಸೇರಿವೆಯೆಂದು ಹೇಳಿಬಿಡಬೇಕು: “2025ರ ಜೂನ್ 1ರಿಂದ 2026ರ ಏಪ್ರಿಲ್ 30ರವರೆಗೆ, ಈ ಎರಡೂ ದಿನಗಳನ್ನು ಒಳಗೊಂಡು 11 ತಿಂಗಳು.”

ದುಡ್ಡಿನಲ್ಲಿ ಮೋಸ ಹೋಗುವುದು ಮೊತ್ತದಲ್ಲಿ ಅಲ್ಲ, ದರದಲ್ಲಿ. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ‘ನೂರಕ್ಕೆ ಎರಡು ರೂಪಾಯಿ’ ಎನ್ನುತ್ತಾರೆ. ಬ್ಯಾಂಕಿನವರು ವರ್ಷದ ಲೆಕ್ಕ ಹೇಳುತ್ತಾರೆ. “ತಡವಾದರೆ ಶೇಕಡಾ 2ರಂತೆ ಬಡ್ಡಿ” ಎಂದು ಬರೆದರೆ, 50,000 ರೂಪಾಯಿ ಬಾಕಿಗೆ ಒಂದು ವರ್ಷದ ಬಡ್ಡಿ 1,000 ಎಂದು ಒಬ್ಬರು, 12,000 ಎಂದು ಇನ್ನೊಬ್ಬರು ವಾದಿಸುತ್ತಾರೆ. ಬಾಡಿಗೆ ಏರಿಕೆಯಲ್ಲೂ ಹಾಗೆಯೇ. 12,000 ರೂಪಾಯಿ ಬಾಡಿಗೆ “ವರ್ಷಕ್ಕೆ ಶೇ. 10 ಏರತಕ್ಕದ್ದು” ಎಂದರೆ ಎರಡನೇ ವರ್ಷ 13,200 ಎಂಬುದರಲ್ಲಿ ಜಗಳವಿಲ್ಲ, ಮೂರನೇ ವರ್ಷ ಮೂಲ ಬಾಡಿಗೆಯ ಮೇಲೆ ಎಣಿಸಿದರೆ 14,400, ಹಿಂದಿನ ವರ್ಷದ ಬಾಡಿಗೆಯ ಮೇಲೆ ಎಣಿಸಿದರೆ 14,520. ಸೂತ್ರವನ್ನು ಬರೆಯುವುದಕ್ಕಿಂತ ಮೂರೂ ವರ್ಷಗಳ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದು ನನಗೆ ಹೆಚ್ಚು ಭದ್ರವಾಗಿ ಕಾಣುತ್ತದೆ.

ನೂರು ಚೀಲ ಮೆಣಸಿನಕಾಯಿ

ಕರಾರು ಅಧಿನಿಯಮದ ಕಲಂ 29 ಅರ್ಥ ನಿಶ್ಚಿತವಲ್ಲದ, ನಿಶ್ಚಿತಗೊಳಿಸಲೂ ಆಗದ ಒಪ್ಪಂದ ಅನೂರ್ಜಿತ ಎನ್ನುತ್ತದೆ. ಅದರ ಕೆಳಗೆ ಕೊಟ್ಟ ಮೊದಲ ಉದಾಹರಣೆ ‘ನೂರು ಟನ್ ಎಣ್ಣೆ’ ಮಾರುವ ಒಪ್ಪಂದ: ಯಾವ ಎಣ್ಣೆ ಎಂದು ತೋರಿಸುವಂಥದ್ದು ಏನೂ ಇಲ್ಲ, ಆದ್ದರಿಂದ ಅದು ನಿಲ್ಲದು. ಮಾರುವವನು ಕೊಬ್ಬರಿ ಎಣ್ಣೆಯ ವ್ಯಾಪಾರಿ ಮಾತ್ರ ಆಗಿದ್ದರೆ ಅದೇ ಮಾತು ನಿಲ್ಲುತ್ತದೆ, ಏಕೆಂದರೆ ಅವನ ವ್ಯಾಪಾರವೇ ಅರ್ಥವನ್ನು ಹೇಳುತ್ತದೆ. ಇದನ್ನು ಹಾವೇರಿ ಜಿಲ್ಲೆಗೆ ತಂದು ನೋಡೋಣ. “ಬ್ಯಾಡಗಿ ಮೆಣಸಿನಕಾಯಿ ನೂರು ಚೀಲ” ಎಂಬ ಷರತ್ತು ಕೇಳಲು ನಿಖರವಾಗಿದೆ, ಆ ಹೆಸರಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಆದರೆ ಬ್ಯಾಡಗಿಯಲ್ಲಿ ಗಿಡ್ಡಾಗಿ ದುಂಡಗಿರುವ ಡಬ್ಬಿಯೂ ಉಂಟು, ಉದ್ದಕ್ಕೆ ಸಣ್ಣಗಿರುವ ಕಡ್ಡಿಯೂ ಉಂಟು, ಎರಡರ ಬೆಲೆ ಒಂದೇ ಅಲ್ಲ. ಬ್ಯಾಡಗಿ ಪೇಟೆಗೆ ಬರುವ ಮೆಣಸಿನಕಾಯಿಯೆಲ್ಲ ಬ್ಯಾಡಗಿ ತಳಿಯದ್ದೂ ಅಲ್ಲ. ಚೀಲದಲ್ಲಿ ಎಷ್ಟು ಕಿಲೋ, ತೊಟ್ಟು ಸಹಿತವೋ ತೆಗೆದದ್ದೋ, ಬಾರದಾನದ (ಖಾಲಿ ಚೀಲದ) ತೂಕ ಕಳೆಯಬೇಕೋ ಬೇಡವೋ, ಹಮಾಲಿ ಯಾರದು, ಯಾರ ಕಾಟಾದ ತೂಕ ಒಪ್ಪಿತ ಎಂಬ ಒಂದೊಂದಕ್ಕೂ ಹಣದ ವ್ಯತ್ಯಾಸವಿದೆ. ನಾನಾದರೆ ಹೀಗೆ ಬರೆಯುತ್ತೇನೆ:

“ಮಾರುವವರು ಬ್ಯಾಡಗಿ ಡಬ್ಬಿ ತಳಿಯ, ತೊಟ್ಟು ಸಹಿತವಾದ, ತೇವಾಂಶ ಶೇ. 11ಕ್ಕೆ ಮೀರದ ಒಣ ಮೆಣಸಿನಕಾಯಿಯನ್ನು, ಬಾರದಾನದ ತೂಕ ಕಳೆದು 40 ಕ್ವಿಂಟಲ್, ಕೊಳ್ಳುವವರ ಬ್ಯಾಡಗಿಯ ಗೋದಾಮಿನಲ್ಲಿ, ನಿಗದಿತ ತಾರೀಖಿನಂದು ಅಥವಾ ಅದಕ್ಕಿಂತ ಮೊದಲು ಒಪ್ಪಿಸತಕ್ಕದ್ದು. ಗೋದಾಮಿನವರೆಗಿನ ಲಾರಿ ಬಾಡಿಗೆಯನ್ನು ಮಾರುವವರು, ಇಳಿಸುವ ಹಮಾಲಿಯನ್ನು ಕೊಳ್ಳುವವರು ಕೊಡತಕ್ಕದ್ದು. ಇಬ್ಬರ ಸಮಕ್ಷಮ ಗೋದಾಮಿನಲ್ಲಿ ಮಾಡಿದ ತೂಕವೇ ಅಂತಿಮ.”

ಇಲ್ಲಿ ‘ನಿಗದಿತ ತಾರೀಖು’ ಎಂದದ್ದು ಮಾದರಿಗಾಗಿ; ನಿಮ್ಮ ಪತ್ರದಲ್ಲಿ ಆ ಜಾಗದಲ್ಲಿ ಅಂಕಿಯೇ ಇರಬೇಕು.

ಮಾತು ತಪ್ಪಿದರೆ

ತಪ್ಪಿದವರು ದುಪ್ಪಟ್ಟು ಕೊಡತಕ್ಕದ್ದು, ಹತ್ತು ಪಟ್ಟು ಕೊಡತಕ್ಕದ್ದು ಎಂದು ಬರೆಸಲು ಎಲ್ಲರಿಗೂ ಹುಮ್ಮಸ್ಸು. ಕರಾರು ಅಧಿನಿಯಮದ ಕಲಂ 74 ಆ ಹುಮ್ಮಸ್ಸಿಗೆ ಕಡಿವಾಣ ಹಾಕುತ್ತದೆ: ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ಅದರೊಳಗಿನ ಸಮಂಜಸ ಪರಿಹಾರ. ಮನೆ, ನಿವೇಶನದ ವ್ಯವಹಾರದಲ್ಲಿ ಮಾತು ಗಟ್ಟಿ ಮಾಡಲು ನಾವು ಮೊದಲೇ ಕೊಡುವ ಸಂಚಕಾರದ ಹಣಕ್ಕೂ ಇದು ತಟ್ಟುತ್ತದೆ. 1963ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಫತೇಚಂದ್ ಪ್ರಕರಣದಲ್ಲಿ ಕೊಳ್ಳುವವರು ಒಟ್ಟು 25,000 ರೂಪಾಯಿ ಕೊಟ್ಟಿದ್ದರು. ಅದರಲ್ಲಿ 1,000 ಮಾತ್ರ ಸಂಚಕಾರವಾಗಿದ್ದು, ಉಳಿದ 24,000ವನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಷರತ್ತು ದಂಡದ ಸ್ವರೂಪದ್ದೆಂದು ನ್ಯಾಯಾಲಯ ಕಂಡಿತು. ಆದ್ದರಿಂದ ಕೊಟ್ಟ ಹಣದಲ್ಲಿ ಸಂಚಕಾರ ಎಷ್ಟು, ಬೆಲೆಯ ಮುಂಗಡ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದು, ಯಾರು ತಪ್ಪಿದರೆ ಯಾವುದು ಹೋಗುತ್ತದೆ, ಯಾವುದು ಎಷ್ಟು ದಿನದಲ್ಲಿ ಮರಳಬೇಕು ಎಂದು ಹೇಳಬೇಕು. ತಡವಾದದ್ದಕ್ಕೆ ಪರಿಹಾರ ಬೇಕಿದ್ದರೆ, ನಿಜವಾಗಿ ಆಗಬಹುದಾದ ನಷ್ಟದ ಲೆಕ್ಕ ಹಾಕಿ ದಿನಕ್ಕಿಷ್ಟು ಎಂದು ಬರೆಯುವುದು ಹೆಚ್ಚು ಗಟ್ಟಿ.

ಯಾವ ಊರಿನ ಕೋರ್ಟು ಎಂಬುದಕ್ಕೂ ಒಂದು ಮಾತು. ಹುಬ್ಬಳ್ಳಿ-ಧಾರವಾಡ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾಯಿತು, ಆದರೆ ಕೋರ್ಟುಗಳು ಎರಡೂ ಊರುಗಳಲ್ಲಿವೆ. “ಹುಬ್ಬಳ್ಳಿ-ಧಾರವಾಡ ನ್ಯಾಯಾಲಯ” ಎಂದು ಬರೆದರೆ ಏನನ್ನೂ ಆರಿಸಿದಂತಾಗಲಿಲ್ಲ. “ಹುಬ್ಬಳ್ಳಿಯ ನ್ಯಾಯಾಲಯಗಳಲ್ಲಿ ಮಾತ್ರ” ಎಂದು ಬರೆಯಿರಿ. ‘ಮಾತ್ರ’ ಇಲ್ಲದಿದ್ದರೂ ಉಳಿದ ಊರುಗಳನ್ನು ಬಿಟ್ಟಂತೆಯೇ ಎಂದು 2013ರ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಾದರೂ, ಎರಡಕ್ಷರ ಉಳಿಸಲು ಹೋಗಿ ವಾದಕ್ಕೆ ಜಾಗ ಬಿಡುವುದೇಕೆ. ಕಾನೂನಿನ ಪ್ರಕಾರ ಅಧಿಕಾರವೇ ಇಲ್ಲದ ಊರಿನ ಕೋರ್ಟಿಗೆ ಇಬ್ಬರೂ ಒಪ್ಪಿ ಬರೆದರೂ ಅಧಿಕಾರ ಬಾರದು ಎಂಬುದು ನೆನಪಿರಲಿ.

ನೋಟಿಸಿನ ಷರತ್ತಿನಲ್ಲಿ ವಿಳಾಸ, ಕಳಿಸುವ ಬಗೆ, ಯಾವ ದಿನ ತಲುಪಿದಂತೆ ಎಣಿಸಬೇಕು ಎಂಬ ಮೂರೂ ಇರಲಿ. “ರಜಿಸ್ಟರ್ಡ್ ಪೋಸ್ಟ್ ಮೂಲಕ ಮಾತ್ರ” ಎಂಬ ಹಳೆಯ ಸಾಲನ್ನು ಹಾಗೆಯೇ ನಕಲು ಮಾಡಬೇಡಿ; ಅಂಚೆ ಇಲಾಖೆ 2025ರಲ್ಲಿ ಆ ಸೇವೆಯನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿದೆ. ವಾಟ್ಸಾಪ್ ಸಂದೇಶ ಸಾಕೆಂದು ಇಬ್ಬರೂ ಒಪ್ಪುವುದಾದರೆ ನಂಬರುಗಳ ಸಮೇತ ಅದನ್ನೂ ಬರೆಯಬೇಕು.

ಸಹಿಗೆ ಮುನ್ನ ಖಾಲಿ ಬಿಟ್ಟ ಜಾಗಗಳನ್ನೆಲ್ಲ ತುಂಬಿ ಅಥವಾ ಗೆರೆ ಎಳೆದು, ತಿದ್ದುಪಡಿಯ ಪ್ರತಿ ಜಾಗದಲ್ಲಿ ಇಬ್ಬರ ಚಿಕ್ಕ ಸಹಿ ಹಾಕಿಸಿ, ಸ್ಟಾಂಪು ಸಾಕಷ್ಟಿದೆಯೇ ಎಂದು ನೋಡಿಕೊಳ್ಳಿ. ಸ್ಟಾಂಪು ಕಡಿಮೆ ಬಿದ್ದ ಪತ್ರವನ್ನು ಕೊರತೆಯನ್ನೂ ದಂಡವನ್ನೂ ತುಂಬುವವರೆಗೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಆಮೇಲೆ ವ್ಯವಹಾರದ ಗಂಧಗಾಳಿ ಇಲ್ಲದ ಒಬ್ಬರಿಗೆ ಪತ್ರವನ್ನು ಓದಲು ಕೊಡಿ. ನಮ್ಮಲ್ಲಿ ಈ ಕೆಲಸ ಟೈಪಿಂಗ್ ಮಾಡುವ ಹುಡುಗನದು: ಪ್ರತಿ ಷರತ್ತಿನ ಕೊನೆಗೆ ಅವನು “ಯಾರ್ರೀ ಇದನ್ನ ಮಾಡೋರು, ಯಾವಾಗ?” ಎಂದು ಕೇಳಬೇಕು, ಉತ್ತರವನ್ನು ನಾನು ಬಾಯಿಂದ ಹೇಳದೆ ಕಾಗದದ ಮೇಲೆ ಬೆರಳಿಟ್ಟು ತೋರಿಸಬೇಕು. ಹೋದ ವಾರ ಒಂದು ಮಳಿಗೆಯ ಕರಾರಿನಲ್ಲಿ ನಾಲ್ಕು ಕಡೆ ಬೆರಳಿಡಲು ನನಗೆ ಜಾಗ ಸಿಗಲಿಲ್ಲ, ಆ ನಾಲ್ಕನ್ನೂ ಅವನೇ ಮತ್ತೆ ಟೈಪ್ ಮಾಡಿದ.